ಇಬ್ಬರು ಬ್ರೌನ್‌ಗಳ ಬೆಲೆ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಬರೆಯೋದಕ್ಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಈಗ ಬರೆಯೋಕೆ ಕೂತಿದ್ದು ಕೂಡ ನಿಮ್ಮಲ್ಲಿ ಮುಕ್ಕಾಲು ಜನ ನೋಡದ ಆಟದ ಬಗ್ಗೆ: ಬ್ಯಾಸ್ಕೆಟ್‌ಬಾಲ್. ಹೋಗಲಿ ಬಿಡಿ, ಅರ್ಧಕ್ಕೇ ಎದ್ದು ಹೋಗಬೇಡಿ. ಇದು ಬುಟ್ಟಿಗೆ ಚೆಂಡು ಹಾಕೋರ ಕತೆ ಅಷ್ಟೇ ಅಲ್ಲ. ಒಬ್ಬ ಮನುಷ್ಯನ ಕೆಲಸಕ್ಕೆ ಬೆಲೆ ಕಟ್ಟೋದು ಹೇಗೆ ಅನ್ನೋ ಪ್ರಶ್ನೆ. ಏಪ್ರಿಲ್ ತಿಂಗಳಲ್ಲಿ ಮ್ಯಾನೇಜರ್ ಎದುರು ಕೂತು ವರ್ಷದ ಅಪ್ರೈಸಲ್ ಕೇಳಿಸಿಕೊಂಡವರಿಗೆಲ್ಲ ಇದು ಗೊತ್ತಿರೋ ಪ್ರಶ್ನೆಯೇ :-)

2023ರ ಜೂನ್ 10, ಶನಿವಾರ ಬೆಳಗ್ಗೆ ಆರು ಗಂಟೆ. ಅಮೆರಿಕದಲ್ಲಿ ಇನ್ನೂ ಶುಕ್ರವಾರ ರಾತ್ರಿ. ಎನ್‌ಬಿಎ ಫೈನಲ್ಸ್‌ನ ನಾಲ್ಕನೇ ಪಂದ್ಯ, ಮಯಾಮಿಯಲ್ಲಿ ಡೆನ್ವರ್ ನಗೆಟ್ಸ್ ವಿರುದ್ಧ ಮಯಾಮಿ ಹೀಟ್. ಕೊನೆಯ ಕ್ವಾರ್ಟರ್‌ನಲ್ಲಿ ಡೆನ್ವರ್‌ನ ಜೀವಾಳ ನಿಕೊಲಾ ಯೋಕಿಚ್ ಐದನೇ ಫೌಲ್ ಮಾಡಿ ಬೆಂಚಿಗೆ ಹೋದ. ಇನ್ನೊಂದು ಫೌಲ್ ಆದರೆ ಪಂದ್ಯದಿಂದಲೇ ಹೊರಗೆ. ಡೆನ್ವರ್ ಕೈಯಿಂದ ಪಂದ್ಯ ಜಾರಿತು ಅಂತ ನಾನು ಕಾಫಿ ಲೋಟ ಕೆಳಗಿಟ್ಟೆ. ಆಗ ಎದ್ದು ನಿಂತವನು ಬ್ರೂಸ್ ಬ್ರೌನ್. ಆ ಕ್ವಾರ್ಟರ್‌ನಲ್ಲೇ 11 ಪಾಯಿಂಟ್, ಒಟ್ಟು 21. ಡೆನ್ವರ್ 108-95ರಲ್ಲಿ ಗೆದ್ದಿತು. ಮೂರು ದಿನ ಕಳೆದ ಮೇಲೆ, ಎನ್‌ಬಿಎ ಸೇರಿ 47 ಸೀಸನ್ ಆಡಿದ ತಂಡ ಮೊದಲ ಸಲ ಚಾಂಪಿಯನ್ ಆಯಿತು.

ಒಂದು ತಿಂಗಳೂ ಕಳೆದಿರಲಿಲ್ಲ, ಬ್ರೂಸ್ ಬ್ರೌನ್ ಡೆನ್ವರ್ ಬಿಟ್ಟು ಇಂಡಿಯಾನಾಗೆ ಹೊರಟಿದ್ದ.

ಯಾಕೆ ಅಂತ ಹೇಳೋ ಮೊದಲು ಒಂದು ಪದದ ವಿಷಯ. ಇಂಗ್ಲಿಷಿನಲ್ಲಿ ಇಂಥವರನ್ನ ರೋಲ್ ಪ್ಲೇಯರ್ ಅಂತಾರೆ. ನಾನು ಪೋಷಕ ಆಟಗಾರ ಅಂತೀನಿ, ನಮ್ಮ ಸಿನಿಮಾದ ಪೋಷಕ ನಟರ ಹಾಗೆ. ಕಟೌಟ್ ನಾಯಕನದ್ದೇ. ಆದರೆ ಅಪ್ಪನ ಪಾತ್ರ, ಗೆಳೆಯನ ಪಾತ್ರ, ಸಾಹುಕಾರನ ಪಾತ್ರ ಮಾಡೋರು ಸರಿಯಿಲ್ಲದಿದ್ದರೆ ಚಿತ್ರ ಎರಡನೇ ವಾರಕ್ಕೆ ಎತ್ತಂಗಡಿ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಕಣದಲ್ಲಿರೋದು ಐದೇ ಜನ. ಚೆಂಡು ಒಂದು ಸಲಕ್ಕೆ ಒಬ್ಬನ ಕೈಯಲ್ಲಿ. ಉಳಿದ ನಾಲ್ವರು ಚೆಂಡಿಲ್ಲದೆ ಏನು ಮಾಡ್ತಾರೆ ಅನ್ನೋದರಲ್ಲೇ ಪೋಷಕ ಆಟಗಾರನ ಬೆಲೆ ಇರೋದು. 2023ರ ಡೆನ್ವರ್‌ನ ಪ್ಲೇಆಫ್ ನಿಮಿಷಗಳನ್ನೆಲ್ಲ ಹೆಚ್ಚುಕಮ್ಮಿ ಎಂಟೇ ಜನ ಹಂಚಿಕೊಂಡಿದ್ದರು. ಯೋಕಿಚ್, ಜಮಾಲ್ ಮರ್ರೆ, ಮೈಕಲ್ ಪೋರ್ಟರ್ ಜೂನಿಯರ್, ಏರನ್ ಗಾರ್ಡನ್, ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್ (ಹೆಸರು ಉದ್ದ, ಎಲ್ಲರೂ ಕೆಸಿಪಿ ಅಂತಾರೆ, ನಾನೂ ಹಾಗೇ ಅಂತೀನಿ), ಬ್ರೂಸ್ ಬ್ರೌನ್, ಜೆಫ್ ಗ್ರೀನ್, ಕ್ರಿಸ್ಟಿಯನ್ ಬ್ರೌನ್.

ಹೌದು, ಬ್ರೌನ್‌ಗಳು ಇಬ್ಬರು. ಇಂಗ್ಲಿಷಿನಲ್ಲಿ ಸ್ಪೆಲಿಂಗ್ ಬೇರೆ ಬೇರೆ, ಉಚ್ಚಾರ ಒಂದೇ. ಕನ್ನಡದಲ್ಲಿ ಬರೆದರೆ ಇಬ್ಬರೂ ಒಂದೇ ಮನೆಯವರ ಹಾಗೆ ಕಾಣ್ತಾರೆ. ಹಾಗಾಗಿ ಇನ್ನು ಮುಂದೆ ಒಬ್ಬ ಬ್ರೂಸ್, ಇನ್ನೊಬ್ಬ ಕ್ರಿಸ್ಟಿಯನ್. ಈ ಇಬ್ಬರ ಬೆಲೆಯ ಲೆಕ್ಕ ಹಾಕಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತೆ ಅನ್ನೋದು ನನ್ನ ವಾದ.

ಮೊದಲು ಬ್ರೂಸ್. 2022ರ ಬೇಸಿಗೆಯಲ್ಲಿ ಡೆನ್ವರ್ ಅವನನ್ನ ತಂದಿದ್ದು ವರ್ಷಕ್ಕೆ ಸುಮಾರು 65 ಲಕ್ಷ ಡಾಲರ್‌ಗೆ. ಒಪ್ಪಂದ ಎರಡು ವರ್ಷದ್ದು, ಆದರೆ ಎರಡನೇ ವರ್ಷ ಇರೋದೋ ಬಿಡೋದೋ ಅವನ ಇಷ್ಟ. ಕಪ್ ಗೆದ್ದ ಮೇಲೆ ಅವನ ಬೆಲೆ ಏರಿತ್ತು, ಸಹಜವಾಗಿ ಬಿಟ್ಟ. ಇಂಡಿಯಾನಾ ಎರಡು ವರ್ಷಕ್ಕೆ 4.5 ಕೋಟಿ ಡಾಲರ್ ಇಟ್ಟಿತು. ಡೆನ್ವರ್ ಇಡಬಹುದಾಗಿದ್ದ ಮೊದಲ ವರ್ಷದ ಸಂಬಳ ಎಷ್ಟು ಗೊತ್ತಾ? ಸುಮಾರು 78 ಲಕ್ಷ. ಜಿಪುಣತನ ಅಲ್ಲ ಮಾರಾಯ್ರೆ, ಕಾನೂನು!

ಐಪಿಎಲ್ ಹರಾಜು ನೋಡಿದವರಿಗೆ ತಂಡದ ಪರ್ಸ್ ಅಂದರೆ ಏನು ಅಂತ ಗೊತ್ತು. ಎನ್‌ಬಿಎಯಲ್ಲೂ ಸಂಬಳಕ್ಕೆ ಮಿತಿ ಇದೆ. ಆದರೆ ಅಲ್ಲಿ ಮಿತಿ ದಾಟಬಹುದು, ದಾಟೋದಕ್ಕೆ ಕಳ್ಳದಾರಿಗಳನ್ನ ಕಾನೂನೇ ಬರೆದಿಟ್ಟಿದೆ. ಅದರಲ್ಲಿ ಮುಖ್ಯವಾದದ್ದು ಲ್ಯಾರಿ ಬರ್ಡ್ ಹೆಸರಿನ 'ಬರ್ಡ್ ಹಕ್ಕು'. ಒಬ್ಬ ಆಟಗಾರ ತಂಡ ಬದಲಿಸುವ ಹೊಸ ಒಪ್ಪಂದ ಮಾಡದೆ ಮೂರು ವರ್ಷ ಕಳೆದಿದ್ದರೆ ಅವನ ತಂಡ ಮಿತಿ ದಾಟಿಯೂ ಗರಿಷ್ಠ ಸಂಬಳದ ತನಕ ಕೊಟ್ಟು ಉಳಿಸಿಕೊಳ್ಳಬಹುದು. ಎರಡು ವರ್ಷವಾದರೆ ಸ್ವಲ್ಪ ಕಡಿಮೆ. ಒಂದೇ ವರ್ಷವಾದರೆ ಹಳೆಯ ಸಂಬಳದ 120 ಪ್ರತಿಶತ, ಅಷ್ಟೆ. ಬ್ರೂಸ್ ಇದ್ದಿದ್ದು ಒಂದೇ ವರ್ಷ. ಅಂದರೆ ಅವನು ಎಷ್ಟು ಚೆನ್ನಾಗಿ ಆಡಿದನೋ ಅಷ್ಟೂ ಡೆನ್ವರ್‌ನ ಕೈಯಿಂದ ದೂರ ಹೋದ.

ಹಾಗಾದರೆ ಒಪ್ಪಂದವನ್ನ ನೋಡುವಾಗ ಮೊತ್ತ ಮಾತ್ರ ನೋಡಿದರೆ ಸಾಲದು, ಅದರ ಆಕಾರ ನೋಡಬೇಕು. ಎಷ್ಟು ವರ್ಷ, ಕೊನೆಯ ವರ್ಷದ ಬೀಗದ ಕೈ ಯಾರ ಹತ್ತಿರ, ಮುಗಿದ ಮೇಲೆ ಹಕ್ಕು ಏನು ಉಳಿಯುತ್ತೆ. 65 ಲಕ್ಷದ ಬ್ರೂಸ್ ಲೀಗಿನ ಅಗ್ಗದ ಮಾಲುಗಳಲ್ಲಿ ಒಂದು ಅಂತ ಎಲ್ಲರೂ ಹೊಗಳಿದರು. ಬಾಡಿಗೆ ಮನೆ ಅಗ್ಗ ಅಂತ ಖುಷಿಪಟ್ಟು, ಹನ್ನೊಂದು ತಿಂಗಳ ಅಗ್ರಿಮೆಂಟ್ ಅನ್ನೋದನ್ನ ಮರೆತ ಹಾಗಾಯ್ತು.

ಇಂಡಿಯಾನಾ ಎಷ್ಟು ಚಾಲಾಕಿ ನೋಡಿ. ಆ 4.5 ಕೋಟಿಯಲ್ಲಿ ಎರಡನೇ ವರ್ಷದ ಬೀಗದ ಕೈ ತಂಡದ ಹತ್ತಿರವೇ ಇತ್ತು. 2024ರ ಜನವರಿಯಲ್ಲಿ, ಸೀಸನ್ ಅರ್ಧದಲ್ಲೇ, ಬ್ರೂಸ್‌ನ ದೊಡ್ಡ ಸಂಬಳವನ್ನ ತಕ್ಕಡಿಯ ಬಟ್ಟಿನ ಹಾಗೆ ಬಳಸಿ, ಜೊತೆಗೆ ಡ್ರಾಫ್ಟ್ ಹಕ್ಕುಗಳನ್ನ ಸೇರಿಸಿ, ಟೊರಾಂಟೊದಿಂದ ಪಾಸ್ಕಲ್ ಸಿಯಾಕಮ್‌ನನ್ನ ತಂದರು. ಅಲ್ಲಿ ಎರಡು ತಂಡಗಳು ಆಟಗಾರರನ್ನ ಬದಲಾಯಿಸಿಕೊಳ್ಳುವಾಗ ಸಂಬಳಗಳೂ ಹತ್ತಿರ ಹತ್ತಿರ ತೂಗಬೇಕು. ಹಾಗಾಗಿ 'ಜಾಸ್ತಿ ಕೊಟ್ಟ' ಸಂಬಳವೂ ಕೆಲವೊಮ್ಮೆ ಆಸ್ತಿ. ಅದೇ ಸಿಯಾಕಮ್ ಜೊತೆ ಇಂಡಿಯಾನಾ 2025ರಲ್ಲಿ ಫೈನಲ್ಸ್ ಆಡಿತು.

ಬ್ರೂಸ್ ಕತೆ ಏನಾಯ್ತು? ಟೊರಾಂಟೊ, ಅಲ್ಲಿಂದ 2025ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸ್. ಮಧ್ಯೆ ಮೊಣಕಾಲಿನ ತೊಂದರೆ. ಕಪ್ ಗೆಲ್ಲಿಸಿದ ಬ್ರೂಸ್ ಎಲ್ಲೂ ಮತ್ತೆ ಕಾಣಲಿಲ್ಲ. 2025ರ ಜುಲೈಯಲ್ಲಿ ಅವನು ಡೆನ್ವರ್‌ಗೇ ವಾಪಸ್ ಬಂದ, ಲೀಗಿನ ಕನಿಷ್ಠ ಸಂಬಳಕ್ಕೆ.

ಎರಡೇ ವರ್ಷದಲ್ಲಿ 2.2 ಕೋಟಿಯಿಂದ ಕನಿಷ್ಠ ಸಂಬಳಕ್ಕೆ. ಕಾಲಿನ ತೊಂದರೆಯನ್ನ ಪಕ್ಕಕ್ಕಿಟ್ಟರೂ ಇಷ್ಟು ಇಳಿತ ಯಾಕೆ? ನನ್ನ ಉತ್ತರ: ಮಾರುಕಟ್ಟೆ ಬ್ರೂಸ್‌ಗೆ ಬೆಲೆ ಕಟ್ಟಿತು, ಆದರೆ ಆ ಬೆಲೆಯಲ್ಲಿ ಅರ್ಧ ಯೋಕಿಚ್‌ನದ್ದು. ಬ್ರೂಸ್‌ನ ಬುದ್ಧಿ ಇದ್ದಿದ್ದು ಸಂದು ನೋಡಿ ಬುಟ್ಟಿಯ ಕಡೆ ನುಗ್ಗೋದರಲ್ಲಿ. ಆ ಕ್ಷಣಕ್ಕೆ ಸರಿಯಾಗಿ ಚೆಂಡು ಕೈಗೆ ಬರಬೇಕಾದರೆ, ಅದನ್ನ ಕೊಡೋನು ಬೆನ್ನ ಹಿಂದೆ ಕಣ್ಣಿರೋ ಯೋಕಿಚ್ ಆಗಿರಬೇಕು. ಬೇರೆ ಊರಲ್ಲಿ ಅದೇ ಬ್ರೂಸ್ ಅದೇ ಸಂದಿಗೆ ನುಗ್ಗಿದ, ಚೆಂಡು ಬರಲಿಲ್ಲ. ಒಳ್ಳೆ ಚೆಂಡೆಯವನ ಜೊತೆ ಕುಣಿದ ವೇಷಧಾರಿಯನ್ನ ಇನ್ನೊಂದು ಮೇಳಕ್ಕೆ ಒಬ್ಬನನ್ನೇ ಕರೆದುಕೊಂಡು ಹೋದ ಹಾಗೆ.

ಪೋಷಕ ಆಟಗಾರನನ್ನ ಅಳೆಯುವಾಗ ನಾನು ಕೇಳಿಕೊಳ್ಳೋ ಮೊದಲ ಪ್ರಶ್ನೆ ಇದೇ: ಇವನ ಕೌಶಲ್ಯದಲ್ಲಿ ಎಷ್ಟು ಭಾಗ ಇವನ ಗಂಟುಮೂಟೆಯ ಜೊತೆ ಬೇರೆ ಊರಿಗೆ ಹೋಗುತ್ತೆ? ಎದುರಾಳಿಯನ್ನ ತಡೆಯೋ ಕಲೆ ಬಹುಮಟ್ಟಿಗೆ ಹೋಗುತ್ತೆ. ದೂರದಿಂದ ಮೂರು ಪಾಯಿಂಟ್ ಹೊಡೆಯೋದು ಸುಮಾರಾಗಿ ಹೋಗುತ್ತೆ. ಇನ್ನೊಬ್ಬನ ಪಾಸ್ ನಂಬಿಕೊಂಡ ಆಟ ಅಲ್ಲೇ ಉಳಿದುಬಿಡುತ್ತೆ.

ತಡೆಯೋ ಕಲೆಗೆ ಉದಾಹರಣೆ ಬೇಕಾದರೆ ಅಲೆಕ್ಸ್ ಕರೂಸೊ. ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಹುಡುಗ. 2021ರಲ್ಲಿ ಲೇಕರ್ಸ್ ಬಿಟ್ಟುಕೊಟ್ಟಿತು, ಶಿಕಾಗೊ ನಾಲ್ಕು ವರ್ಷಕ್ಕೆ 3.7 ಕೋಟಿಗೆ ತಗೊಂಡಿತು, 2024ರಲ್ಲಿ ಜಾಶ್ ಗಿಡ್ಡಿಯನ್ನ ಕೊಟ್ಟು ಓಕ್ಲಹೋಮ ಸಿಟಿ ತಂದಿತು. 2025ರ ಮೇ ತಿಂಗಳಲ್ಲಿ ಡೆನ್ವರ್ ವಿರುದ್ಧದ ಏಳನೇ ಪಂದ್ಯದಲ್ಲಿ, ತನಗಿಂತ ಅರ್ಧ ಅಡಿ ಎತ್ತರದ ಯೋಕಿಚ್‌ನನ್ನ ತಡೆಯೋಕೆ ನಿಂತವನು ಇವನೇ. ಓಕ್ಲಹೋಮ 125-93ರಲ್ಲಿ ಗೆದ್ದಿತು, ಆಮೇಲೆ ಕಪ್ಪನ್ನೂ. ಮೂರು ತಂಡ, ಮೂರು ಊರು, ಆಟ ಮಾತ್ರ ಅದೇ.

ಈಗ ಇನ್ನೊಬ್ಬ ಬ್ರೌನ್. ಅದಕ್ಕೂ ಮೊದಲು ಕೆಲ್ವಿನ್ ಬೂತ್ ಬಗ್ಗೆ ಹೇಳಬೇಕು, ಯಾಕಂದರೆ ಈ ಕತೆಯ ದುರಂತ ನಾಯಕ ಅವನೇ.

2022ರಲ್ಲಿ ಟಿಮ್ ಕಾನಲಿ ಮಿನೆಸೋಟಾಗೆ ಹೋದ ಮೇಲೆ ಡೆನ್ವರ್ ತಂಡ ಕಟ್ಟೋ ಜವಾಬ್ದಾರಿ ಬೂತ್ ಹೆಗಲಿಗೆ ಬಂತು. ಆ ಒಂದೇ ಬೇಸಿಗೆಯಲ್ಲಿ ಅವನು ಮಾಡಿದ ಕೆಲಸ ನೋಡಿ: ವಾಷಿಂಗ್ಟನ್‌ನಿಂದ ಕೆಸಿಪಿ, ಮಾರುಕಟ್ಟೆಯಿಂದ ಬ್ರೂಸ್, ಡ್ರಾಫ್ಟ್‌ನ 21ನೇ ಜಾಗದಲ್ಲಿ ಕ್ರಿಸ್ಟಿಯನ್, 30ನೇ ಜಾಗದಲ್ಲಿ ಪೇಟನ್ ವಾಟ್ಸನ್. ಆ ನಾಲ್ವರೂ ಮರುವರ್ಷವೇ ಕಪ್ ಗೆದ್ದ ತಂಡದಲ್ಲಿದ್ದರು. ಹೊಸಬ ಕ್ರಿಸ್ಟಿಯನ್ ಫೈನಲ್ಸ್‌ನ ಮೂರನೇ ಪಂದ್ಯದಲ್ಲಿ ಎಂಟು ಸಲ ಹೊಡೆದು ಏಳು ಸಲ ಬುಟ್ಟಿಗೆ ಹಾಕಿ 15 ಪಾಯಿಂಟ್ ಮಾಡಿದ. ಇಷ್ಟಾದ ಮೇಲೆ ಯಾರಿಗಾದರೂ ಅನ್ನಿಸೋದೇ: ಒಂದು ಸಲ ಮಾಡಿದೆ, ಇನ್ನೊಂದು ಸಲ ಮಾಡ್ತೀನಿ.

ಅದೇ ಹೊತ್ತಿಗೆ ಲೀಗಿನಲ್ಲಿ ಹೊಸ ಕಾನೂನು ಬಂತು. 2023ರ ಒಪ್ಪಂದದಲ್ಲಿ 'ಸೆಕೆಂಡ್ ಏಪ್ರನ್' ಅಂತ ಒಂದು ಗೆರೆ ಎಳೆದರು. 2024-25ರಲ್ಲಿ ಸಾಮಾನ್ಯ ಮಿತಿ ಸುಮಾರು 14.06 ಕೋಟಿ ಡಾಲರ್, ಈ ಗೆರೆ ಸುಮಾರು 18.89 ಕೋಟಿ. ಇದನ್ನ ದಾಟಿದರೆ ದಂಡ ಹಣದ್ದು ಮಾತ್ರ ಅಲ್ಲ, ಕೈಕಾಲು ಕಟ್ಟಿ ಹಾಕ್ತಾರೆ. ಹೊಸಬರನ್ನ ಕನಿಷ್ಠ ಸಂಬಳಕ್ಕೆ ಬಿಟ್ಟು ಬೇರೆ ದಾರಿಯಲ್ಲಿ ತರೋದು ಕಷ್ಟ, ಇಬ್ಬರ ಸಂಬಳ ಕೂಡಿಸಿ ಒಬ್ಬನನ್ನ ತರೋ ಹಾಗಿಲ್ಲ, ಏಳು ವರ್ಷ ಆಚೆಯ ಡ್ರಾಫ್ಟ್ ಹಕ್ಕು ಫ್ರೀಜ್. ಯೋಕಿಚ್, ಮರ್ರೆ, ಪೋರ್ಟರ್ ಮೂವರದ್ದೂ ಆನೆ ಸಂಬಳ. ಗಾರ್ಡನ್‌ದೂ ಸಣ್ಣದಲ್ಲ. ಹಾಗಾಗಿ ಬೂತ್ ಹಾಕಿದ ಲೆಕ್ಕ ಸರಳ: ಮೇಲಿನ ನಾಲ್ವರಿಗೆ ದುಡ್ಡು, ಕೆಳಗಿನವರು ಡ್ರಾಫ್ಟ್‌ನಲ್ಲಿ ಬಂದ ಹುಡುಗರು. ಮೊದಲ ಸುತ್ತಿನಲ್ಲಿ ಆರಿಸಿದ ಹುಡುಗ ನಾಲ್ಕು ವರ್ಷ ಅಗ್ಗದ ಸಂಬಳಕ್ಕೆ ಸಿಗ್ತಾನೆ.

2024ರ ಬೇಸಿಗೆಯಲ್ಲಿ ಆ ಲೆಕ್ಕಕ್ಕೆ ಪರೀಕ್ಷೆ ಬಂತು. ಕೆಸಿಪಿ ತನ್ನ ಒಪ್ಪಂದದ ಕೊನೆಯ ವರ್ಷ ಬಿಟ್ಟು ಮಾರುಕಟ್ಟೆಗೆ ಬಂದ. ಅವನ ವಿಷಯದಲ್ಲಿ ಡೆನ್ವರ್ ಹತ್ತಿರ ಪೂರ್ತಿ ಹಕ್ಕಿತ್ತು, ಕೊಡಬಹುದಿತ್ತು. ಕೊಡಲಿಲ್ಲ. ಒರ್ಲ್ಯಾಂಡೊ ಮೂರು ವರ್ಷಕ್ಕೆ 6.6 ಕೋಟಿ ಕೊಟ್ಟು ಕರೆದುಕೊಂಡು ಹೋಯಿತು. ಅವನ ಜಾಗಕ್ಕೆ ಕ್ರಿಸ್ಟಿಯನ್, ಸಂಬಳ 30 ಲಕ್ಷದ ಆಸುಪಾಸು.

ಮುಂದೆ ನಡೆದದ್ದನ್ನ ಕಾಗದದ ಮೇಲೆ ನೋಡಿದರೆ ಬೂತ್ ನೂರಕ್ಕೆ ನೂರು ಸರಿ. ಡೆನ್ವರ್‌ನಲ್ಲಿ ಎರಡು ಸೀಸನ್ ಮೂರು ಪಾಯಿಂಟ್ ಹೊಡೆತದಲ್ಲಿ 40 ಪ್ರತಿಶತ ದಾಟಿದ್ದ ಕೆಸಿಪಿ ಒರ್ಲ್ಯಾಂಡೊದಲ್ಲಿ 34ಕ್ಕೆ ಇಳಿದ. ಒಂದೇ ವರ್ಷಕ್ಕೆ ಒರ್ಲ್ಯಾಂಡೊ ಅವನನ್ನ ಡೆಸ್ಮಂಡ್ ಬೇನ್ ವ್ಯಾಪಾರದಲ್ಲಿ ಮೆಂಫಿಸ್‌ಗೆ ತಳ್ಳಿತು. ಇತ್ತ ಕ್ರಿಸ್ಟಿಯನ್ ಪಂದ್ಯಕ್ಕೆ 15.4 ಪಾಯಿಂಟ್, ಹೊಡೆತದಲ್ಲಿ 58 ಪ್ರತಿಶತ. ಏಳು ಪಟ್ಟು ಕಡಿಮೆ ಸಂಬಳಕ್ಕೆ ಏಳು ಪಟ್ಟು ಚುರುಕು ಕಾಲು.

ನಾನೂ ಮೊದಲು ಹಾಗೇ ವಾದಿಸ್ತಿದ್ದೆ. ರೂಮ್‌ಮೇಟ್ ಹತ್ತಿರ ಎಷ್ಟು ಕೊರೆದಿದ್ದೆ ಅಂದರೆ ಅವನು ಆಮೇಲೆ ಬೆಳಗ್ಗೆ ಬಾತ್‌ರೂಮಿಂದ ಹೊರಗೆ ಬರೋದೇ ನಿಲ್ಲಿಸಿಬಿಟ್ಟ :-) ಆದರೆ ಈ ವಾದದಲ್ಲಿ ಎರಡು ತೂತುಗಳಿವೆ.

ಮೊದಲನೆಯದು: ಬ್ರೂಸ್ ಬೆಲೆಯಲ್ಲಿ ಅರ್ಧ ಯೋಕಿಚ್‌ನದ್ದು ಅಂತ ಮೇಲೆ ಹೇಳಿ, ಕೆಸಿಪಿ ಒರ್ಲ್ಯಾಂಡೊದಲ್ಲಿ ಬಿದ್ದದ್ದನ್ನ 'ನೋಡಿ, ಅವನು ಮುದುಕನಾದ' ಅಂತ ಹೇಳೋಕಾಗಲ್ಲ. ಯೋಕಿಚ್‌ನ ಪಾಸ್‌ಗೆ ಕಾಯ್ತಾ ಮೂಲೆಯಲ್ಲಿ ಒಬ್ಬಂಟಿಯಾಗಿ ನಿಂತು ಹೊಡೆಯೋದೇ ಬೇರೆ, ಒರ್ಲ್ಯಾಂಡೊದ ಇಕ್ಕಟ್ಟಿನಲ್ಲಿ ಹೊಡೆಯೋದೇ ಬೇರೆ. ಡೆನ್ವರ್‌ನಲ್ಲೇ ಇದ್ದಿದ್ದರೆ ಅವನು 34ಕ್ಕೆ ಇಳೀತಿರಲಿಲ್ಲವೇನೋ. 31 ವಯಸ್ಸಿನವನಿಗೆ ಮೂರು ವರ್ಷದ ಒಪ್ಪಂದ ಅಪಾಯ ನಿಜ. ಆದರೆ ಆ ಅಪಾಯಕ್ಕೆ ಒರ್ಲ್ಯಾಂಡೊದ ಅಂಕಿ ಸಾಕ್ಷಿ ಅಲ್ಲ.

ಎರಡನೆಯದು ಇನ್ನೂ ಮುಖ್ಯ. ಎಲ್ಲರೂ ಕೆಸಿಪಿಯನ್ನ ಕ್ರಿಸ್ಟಿಯನ್ ಜೊತೆ ಹೋಲಿಸಿದರು. ತಪ್ಪು ಹೋಲಿಕೆ. ಕ್ರಿಸ್ಟಿಯನ್ 2023-24ರಲ್ಲೂ ಡೆನ್ವರ್‌ನಲ್ಲೇ ಇದ್ದ, ಬೆಂಚಿಂದ ಬಂದು ಆಡ್ತಿದ್ದ. ಅವನಿಗೆ ಬಡ್ತಿ ಕೊಟ್ಟಾಗ ಕೆಸಿಪಿ ಕುರ್ಚಿ ತುಂಬಿತು, ಕ್ರಿಸ್ಟಿಯನ್ ಕುರ್ಚಿ ಖಾಲಿಯಾಯ್ತು. ಆಫೀಸಿನಲ್ಲಿ ನೋಡಿರ್ತೀರಲ್ಲ: ಸೀನಿಯರ್ ಕೆಲಸ ಬಿಡ್ತಾನೆ, ಚೂಟಿಯಾದ ಜೂನಿಯರ್‌ಗೆ ಅವನ ಕೆಲಸ ಕೊಡ್ತಾರೆ, ಅವನು ಚೆನ್ನಾಗೇ ಮಾಡ್ತಾನೆ, ಎಲ್ಲರೂ ಚಪ್ಪಾಳೆ ತಟ್ತಾರೆ. ಜೂನಿಯರ್ ಮಾಡ್ತಿದ್ದ ಕೆಲಸ ಯಾರು ಮಾಡಬೇಕು ಅಂತ ಯಾರೂ ಕೇಳಲ್ಲ. ಆರು ತಿಂಗಳಾದ ಮೇಲೆ ಒಂದು ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಗೊತ್ತಾಗುತ್ತೆ.

ಆ ಖಾಲಿ ಕುರ್ಚಿಗೆ ಬೂತ್ ಏನಿಟ್ಟಿದ್ದ? ಇಲ್ಲೇ ನನ್ನ ನಿಜವಾದ ತಕರಾರು. ಕೆಸಿಪಿಯ ದೊಡ್ಡ ಒಪ್ಪಂದದ ಬಗ್ಗೆ ಎಲ್ಲರೂ ಪುಟಗಟ್ಟಲೆ ಬರೆದರು, ಸಣ್ಣ ಒಪ್ಪಂದಗಳನ್ನ ಯಾರೂ ನೋಡಲಿಲ್ಲ. ಝೀಕ್ ನ್ನಾಜಿ: 2023ರ ಅಕ್ಟೋಬರ್‌ನಲ್ಲಿ ನಾಲ್ಕು ವರ್ಷಕ್ಕೆ 3.2 ಕೋಟಿ ಡಾಲರ್. ಕಪ್ ಗೆದ್ದ ಪ್ಲೇಆಫ್‌ನಲ್ಲಿ ಅವನಿಗೆ ಜಾಗ ಸಿಕ್ಕಿರಲೇ ಇಲ್ಲ, ಆಮೇಲೂ ಕೋಚ್ ಅವನನ್ನ ನಂಬಲಿಲ್ಲ. ರೆಜ್ಜಿ ಜಾಕ್ಸನ್: 2023ರಲ್ಲಿ ಎರಡು ವರ್ಷಕ್ಕೆ ಸುಮಾರು 1 ಕೋಟಿ. ಒಂದು ವರ್ಷ ಕಳೆದ ಮೇಲೆ ಅವನನ್ನ ಶಾರ್ಲಟ್‌ಗೆ ಸಾಗಹಾಕೋಕೆ ಮೂರು ಎರಡನೇ ಸುತ್ತಿನ ಡ್ರಾಫ್ಟ್ ಹಕ್ಕುಗಳನ್ನ ವರದಕ್ಷಿಣೆ ಕೊಡಬೇಕಾಯ್ತು. ಡಾರಿಯೊ ಶಾರಿಚ್: 2024ರಲ್ಲಿ ಎರಡು ವರ್ಷಕ್ಕೆ ಸುಮಾರು 1.06 ಕೋಟಿ. 2024-25ರಲ್ಲಿ ಆಡಿದ್ದು 16 ಪಂದ್ಯ. ಆ ಸೀಸನ್ನಿನ ಬೆಂಚಿನ ಆಧಾರಸ್ತಂಭ ಆದವನು ಕನಿಷ್ಠ ಸಂಬಳಕ್ಕೆ ಬಂದ ರಸೆಲ್ ವೆಸ್ಟ್‌ಬ್ರೂಕ್!

ದೊಡ್ಡ ಆಟಗಾರನಿಗೆ ಎಷ್ಟು ಕೊಡಬೇಕು ಅಂತ ಯಾರು ಬೇಕಾದರೂ ಹೇಳಬಹುದು. ಯೋಕಿಚ್‌ಗೆ ಗರಿಷ್ಠ ಕೊಡಿ ಅನ್ನೋಕೆ ಬುದ್ಧಿ ಬೇಡ. ತಂಡ ಕಟ್ಟೋನ ಕಸುಬು ಗೊತ್ತಾಗೋದು ವರ್ಷಕ್ಕೆ ಐವತ್ತು ಲಕ್ಷದಿಂದ ಒಂದು ಕೋಟಿ ಡಾಲರ್ ನಡುವಿನ ಒಪ್ಪಂದಗಳಲ್ಲಿ. ಓಕ್ಲಹೋಮ ನೋಡಿ. 2021ರ ಡ್ರಾಫ್ಟ್‌ನ 55ನೇ ಜಾಗದಲ್ಲಿ ಸಿಕ್ಕ ಏರನ್ ವಿಗ್ಗಿನ್ಸ್‌ಗೆ ಐದು ವರ್ಷಕ್ಕೆ 4.7 ಕೋಟಿ, ಫಿಲಡೆಲ್ಫಿಯಾ ಕೈಬಿಟ್ಟ ಐಸಾಯಾ ಜೋಗೆ ನಾಲ್ಕು ವರ್ಷಕ್ಕೆ 4.8 ಕೋಟಿ. ನ್ನಾಜಿಗಿಂತ ಸ್ವಲ್ಪವೇ ಜಾಸ್ತಿ. ಆದರೆ ಇವರಿಬ್ಬರೂ ಚಾಂಪಿಯನ್ ತಂಡದಲ್ಲಿ ನಿಜವಾಗಿ ಅಂಕಣಕ್ಕಿಳಿದು ಆಡಿದವರು. ಬೇಕಾದಾಗ ಬೇರೆ ತಂಡಗಳು ಸಂತೋಷದಿಂದ ತಗೊಳ್ಳೋ ಒಪ್ಪಂದಗಳು. ನ್ನಾಜಿಯದ್ದನ್ನ ದಾಟಿಸಬೇಕಾದರೆ ಕೈಯಿಂದ ಕೊಡಬೇಕು.

ಹುಡುಗರು ಬೆಳೀತಾರೆ ಅನ್ನೋ ನಂಬಿಕೆಯ ಬಗ್ಗೆ ಎರಡು ಮಾತು. ಬೆಳೀತಾರೆ, ಖಂಡಿತ. ವಾಟ್ಸನ್ 2023-24ರಲ್ಲಿ ಮೂರು ಪಾಯಿಂಟ್ ಹೊಡೆತದಲ್ಲಿ 30ರ ಕೆಳಗಿದ್ದವನು ಮರುವರ್ಷ 35ಕ್ಕೆ ಬಂದ. ಚೆಂಡು ತಡೆಯೋದರಲ್ಲಂತೂ ಉಡದ ಹಿಡಿತ. ಜೂಲಿಯನ್ ಸ್ಟ್ರಾದರ್ 2025ರಲ್ಲಿ ಓಕ್ಲಹೋಮ ವಿರುದ್ಧ ಆರನೇ ಪಂದ್ಯದಲ್ಲಿ ಬೆಂಚಿಂದ ಬಂದು 15 ಪಾಯಿಂಟ್ ಹಾಕಿ ಸರಣಿಯನ್ನ ಏಳನೇ ಪಂದ್ಯಕ್ಕೆ ಎಳೆದ. ಆದರೆ ಹುಡುಗರು ಬೆಳೆಯೋದು ನಮ್ಮ ಕ್ಯಾಲೆಂಡರ್ ನೋಡಿಕೊಂಡಲ್ಲ. ಮಾವಿನ ಗಿಡ ನೆಟ್ಟು ಈ ಯುಗಾದಿಗೇ ಎಲೆ ಜೊತೆ ಹಣ್ಣೂ ಬೇಕು ಅಂದರೆ ಹೇಗೆ? ಸೋಲುವ ತಂಡವೊಂದರಲ್ಲಿ ಹುಡುಗ ತಪ್ಪು ಮಾಡಿ ಕಲೀತಾನೆ, ಯಾರಿಗೂ ನಷ್ಟ ಇಲ್ಲ. ಯೋಕಿಚ್ ಇರೋ ತಂಡದಲ್ಲಿ ಹುಡುಗನ ಒಂದೊಂದು ತಪ್ಪಿನ ಬೆಲೆಯನ್ನೂ ಯೋಕಿಚ್‌ನ ಆಯಸ್ಸಿನಿಂದ ತೆರಬೇಕು.

ಬೂತ್‌ನ ಲೆಕ್ಕದಲ್ಲಿ ಇರದೇ ಹೋದ ಕಾಲಂ ಇದೇ. ಡಾಲರ್‌ಗೆ ಕಾಲಂ ಇತ್ತು, ಡ್ರಾಫ್ಟ್ ಹಕ್ಕಿಗೆ ಕಾಲಂ ಇತ್ತು, ವರ್ಷಕ್ಕೆ ಇರಲಿಲ್ಲ. 2024-25ರಲ್ಲಿ ಯೋಕಿಚ್ ಪಂದ್ಯಕ್ಕೆ 29.6 ಪಾಯಿಂಟ್, 12.7 ರೀಬೌಂಡ್, 10.2 ಅಸಿಸ್ಟ್. ಇಡೀ ಸೀಸನ್ನಿನ ಸರಾಸರಿಯೇ ಟ್ರಿಪಲ್ ಡಬಲ್! ಅವನ ಜಾಗದಲ್ಲಿ ಆಡೋ ಯಾರೂ ಹಿಂದೆ ಮಾಡದ ಕೆಲಸ. ಆಗ ಅವನಿಗೆ 30. ಆ ವರ್ಷ ಡೆನ್ವರ್ ಗೆದ್ದಿದ್ದು 50 ಪಂದ್ಯ, ಅದರ ಹಿಂದಿನ ಸೀಸನ್ನಿನ 57ಕ್ಕಿಂತ ಏಳು ಕಡಿಮೆ. ಹುಡುಗರನ್ನ ಆಡಿಸು ಅಂತ ಬೂತ್, ಪಂದ್ಯ ಗೆಲ್ಲಬೇಕು ಅಂತ ಕೋಚ್ ಮೈಕಲ್ ಮಲೋನ್. ಇಬ್ಬರಿಗೂ ಸರಿಬರ್ತಿಲ್ಲ ಅಂತ ಪತ್ರಿಕೆಗಳೆಲ್ಲ ಬರೆದವು. 2025ರ ಏಪ್ರಿಲ್ 8ರಂದು, ಸೀಸನ್ ಮುಗಿಯೋಕೆ ಮೂರೇ ಪಂದ್ಯ ಇದ್ದಾಗ, ಮಾಲೀಕರು ಇಬ್ಬರನ್ನೂ ಮನೆಗೆ ಕಳಿಸಿದರು.

ನನ್ನ ಮಟ್ಟಿಗೆ ಹೇಳೋದಾದರೆ, 2024ರಲ್ಲಿ ಡೆನ್ವರ್ ಗೆರೆ ದಾಟಿಯಾದರೂ ಸರಿ ಕೆಸಿಪಿಯನ್ನ ಉಳಿಸಿಕೊಳ್ಳಬೇಕಿತ್ತು. ಒಂದು ವರ್ಷ ಸೆಕೆಂಡ್ ಏಪ್ರನ್ ಮೇಲಿದ್ದರೆ ಕೈಕಾಲು ಕಟ್ಟಿದ ಹಾಗೆ ನಿಜ. ಆದರೆ ಆ ಸ್ವತಂತ್ರ ಕೈಕಾಲಿನಲ್ಲಿ ಅವರು ಮಾಡಿದ್ದಾದರೂ ಏನು? ಶಾರಿಚ್‌ನ ತಂದರು. ಅಂಥ ಸ್ವಾತಂತ್ರ್ಯಕ್ಕಿಂತ ಕೆಸಿಪಿ ಮತ್ತು ಕ್ರಿಸ್ಟಿಯನ್ ಇಬ್ಬರೂ ಇರೋ ತಂಡ ವಾಸಿ. ಮೂರು ವರ್ಷದ ಒಪ್ಪಂದ ಭಾರ ಅನ್ನಿಸಿದರೆ ಮರುವರ್ಷ ಗೆರೆಯ ಕೆಳಗೆ ಇಳಿದು ಯಾರಿಗಾದರೂ ದಾಟಿಸಬಹುದಿತ್ತು. ಒರ್ಲ್ಯಾಂಡೊ ಮಾಡಿದ್ದೂ ಅದನ್ನೇ ತಾನೆ?

ಈಗ ಕೊನೆಗೆ ಕ್ರಿಸ್ಟಿಯನ್‌ನ ಬೆಲೆ. 2025ರ ಅಕ್ಟೋಬರ್‌ನಲ್ಲಿ ಡೆನ್ವರ್ ಅವನಿಗೆ ಐದು ವರ್ಷಕ್ಕೆ 12.5 ಕೋಟಿ ಡಾಲರ್ ಒಪ್ಪಿತು. ವಾಟ್ಸನ್‌ಗೆ ಆಗ ಹೊಸ ಒಪ್ಪಂದ ಸಿಗಲಿಲ್ಲ. ವರ್ಷಕ್ಕೆ ಎರಡೂವರೆ ಕೋಟಿ ಜಾಸ್ತಿಯಾಯ್ತು ಅಂತ ಬಹಳ ಜನ ಗೊಣಗಿದರು. ಅವರ ವಾದ: ಅವನ ಪಾಯಿಂಟ್‌ಗಳಲ್ಲಿ ಎಷ್ಟೋ ಓಡಿ ಹೋಗಿ ಹಾಕಿದವು, ಯೋಕಿಚ್ ರೀಬೌಂಡ್ ಹಿಡಿದು ಅಂಕಣದ ಈ ತುದಿಯಿಂದ ಆ ತುದಿಗೆ ಎಸೆದ ಚೆಂಡುಗಳು. ಮೂರು ಪಾಯಿಂಟ್‌ನಲ್ಲಿ ಸುಮಾರು 40 ಪ್ರತಿಶತ ಸರಿ, ಆದರೆ ಹೊಡೆಯೋದೇ ಪಂದ್ಯಕ್ಕೆ ಮೂರಕ್ಕಿಂತ ಕಡಿಮೆ. ಬೇರೆ ತಂಡದಲ್ಲಿ ಇವನು ಇಷ್ಟು ಬಾಳಲ್ಲ.

ಬಾಳಲ್ಲ, ಒಪ್ಪಿದೆ. ಆದರೆ ಅವನು ಆಡೋದು ಬೇರೆ ತಂಡದಲ್ಲಲ್ಲವಲ್ಲ! ಬ್ರೂಸ್ ಕತೆಯನ್ನ ಜನ ಅರ್ಧ ಓದಿದ್ದಾರೆ ಅನ್ಸುತ್ತೆ. 'ಯೋಕಿಚ್ ಜೊತೆ ಆಡಿದವನನ್ನ ಜಾಸ್ತಿ ಕೊಟ್ಟು ಕೊಳ್ಳಬೇಡಿ' ಅನ್ನೋ ಪಾಠ ಇಂಡಿಯಾನಾಗೆ, ಒರ್ಲ್ಯಾಂಡೊಗೆ. ಡೆನ್ವರ್‌ಗೆ ಪಾಠ ಅದರ ಉಲ್ಟಾ: ನಿಮ್ಮ ಮನೆಯಲ್ಲಿ ಮಾತ್ರ ಅಷ್ಟು ಬಾಳೋನನ್ನ ಬಿಡಬೇಡಿ, ಮಾರುಕಟ್ಟೆಗಿಂತ ನಾಲ್ಕು ಕಾಸು ಜಾಸ್ತಿಯಾದರೂ ಸರಿ. ಬೀಗಕ್ಕೆ ಸರಿಯಾದ ಕೀಲಿಯ ಬೆಲೆ ಗುಜರಿ ಅಂಗಡಿಯಲ್ಲಿ ಕೇಳಿದರೆ ತೂಕಕ್ಕೆ ಎಂಟಾಣೆ ಅಂತಾರೆ. ಮನೆಯವನಿಗೆ ಅಷ್ಟೇನಾ ಅದರ ಬೆಲೆ?

ಇದಕ್ಕೆ ಏರನ್ ಗಾರ್ಡನ್‌ಗಿಂತ ಒಳ್ಳೆ ಸಾಕ್ಷಿ ಇಲ್ಲ. 2014ರ ಡ್ರಾಫ್ಟ್‌ನಲ್ಲಿ ಅವನು ನಾಲ್ಕನೆಯವನು, ಅದೇ ಡ್ರಾಫ್ಟ್‌ನಲ್ಲಿ ಯೋಕಿಚ್ 41ನೆಯವನು! ಒರ್ಲ್ಯಾಂಡೊದಲ್ಲಿ ನಾಯಕನ ಪಾತ್ರಕ್ಕೆ ಒದ್ದಾಡಿದ ಗಾರ್ಡನ್, 2021ರಲ್ಲಿ ಡೆನ್ವರ್‌ಗೆ ಬಂದು ಪೋಷಕ ಪಾತ್ರ ಒಪ್ಪಿಕೊಂಡ. ಕಷ್ಟದ ಎದುರಾಳಿಯನ್ನ ಕಾಯೋದು, ಬುಟ್ಟಿ ಹತ್ತಿರ ಅಡಗಿ ನಿಲ್ಲೋದು. ವರ್ಷಗಟ್ಟಲೆ ಅಭ್ಯಾಸ ಮಾಡಿ 2024-25ರಲ್ಲಿ ಮೂರು ಪಾಯಿಂಟ್‌ನಲ್ಲಿ 43.6 ಪ್ರತಿಶತ ಮುಟ್ಟಿದ. ಬೆಳವಣಿಗೆ ಅನ್ನೋದು ಹತ್ತೊಂಬತ್ತರ ಹುಡುಗರಿಗೆ ಮಾತ್ರ ಅಲ್ಲ, 29ಕ್ಕೂ ಆಗುತ್ತೆ. 2025ರ ಏಪ್ರಿಲ್‌ನಲ್ಲಿ ಕ್ಲಿಪ್ಪರ್ಸ್ ವಿರುದ್ಧ ಕೊನೆಯ ಕ್ಷಣದಲ್ಲಿ, ಯೋಕಿಚ್ ಹೊಡೆದು ಗುರಿ ತಪ್ಪಿದ ಚೆಂಡನ್ನ ಗಾಳಿಯಲ್ಲೇ ಹಿಡಿದು ಬುಟ್ಟಿಗೆ ತುರುಕಿ ಪಂದ್ಯ ಗೆಲ್ಲಿಸಿದ. ಗುರಿ ತಪ್ಪುತ್ತೆ ಅಂತ ಮೊದಲೇ ಗ್ರಹಿಸಿ ಅಲ್ಲಿ ಹಾರಿದ್ದನಲ್ಲ, ಅದಕ್ಕೆ ಯಾವ ಅಂಕಿಅಂಶದಲ್ಲಿ ಕಾಲಂ ಇದೆ ಹೇಳಿ?

ಹಾಗಂತ ಕ್ರಿಸ್ಟಿಯನ್ ಒಪ್ಪಂದದಲ್ಲಿ ಅಪಾಯ ಇಲ್ಲ ಅಂತಲ್ಲ. ಅದು 2026ರಿಂದ 2031ರ ತನಕ. ಯೋಕಿಚ್ 2022ರಲ್ಲಿ ಸಹಿ ಹಾಕಿದ ಒಪ್ಪಂದ ಮುಗಿಯೋದು ಹೆಚ್ಚೆಂದರೆ 2028ಕ್ಕೆ. ಚೆಂಡೆಯವನು ಎದ್ದುಹೋದ ಮೇಲೆ ಕುಣಿಯೋನಿಗೆ ಸಂಬಳ ಕೊಡ್ತಾ ಕೂರಬೇಕಾದೀತು. 2025ರ ಬೇಸಿಗೆಯಲ್ಲಿ ಬಂದ ಹೊಸಬರು ಪೋರ್ಟರ್‌ನ ಜೊತೆ 2032ರ ಡ್ರಾಫ್ಟ್ ಹಕ್ಕನ್ನೂ ಬ್ರೂಕ್ಲಿನ್‌ಗೆ ಕೊಟ್ಟು, ಪೋರ್ಟರ್‌ನ 3.8 ಕೋಟಿ ಸಂಬಳದ ಬದಲು ಸುಮಾರು 2 ಕೋಟಿಯ ಕ್ಯಾಮ್ ಜಾನ್ಸನ್‌ನ ತಂದರು. ಉಳಿದ ಜಾಗದಲ್ಲಿ ಬೆಂಚು ತುಂಬಿಸಿದರು. 2032ಕ್ಕೆ ಯೋಕಿಚ್‌ಗೆ 37 ಆಗಿರುತ್ತೆ. ನಾಳೆಯದನ್ನ ಅಡವಿಟ್ಟು ಇವತ್ತಿಗೆ ಕೊಂಡರು. ನನಗೇನೋ ಇದು ಸರಿ ಅನ್ಸುತ್ತೆ. ಇಂಥ ಆಟಗಾರ ಒಂದು ಊರಿಗೆ 47 ವರ್ಷಕ್ಕೊಮ್ಮೆ ಸಿಗೋದು. ಅವನ ವರ್ಷಗಳನ್ನ ಉಳಿತಾಯ ಖಾತೆಯಲ್ಲಿಟ್ಟರೆ ಬಡ್ಡಿ ಬರಲ್ಲ.

ಬ್ರೂಸ್ ವಾಪಸ್ ಬಂದ ಸುದ್ದಿ ಓದಿದ ದಿನ ಯಾಕೋ ಸುಮ್ಮನೆ ಖುಷಿಯಾಗಿತ್ತು. 4.5 ಕೋಟಿಗೆ ಹೋದವನನ್ನ ದುರಾಸೆ ಅಂತ ನಾನು ಯಾವತ್ತೂ ಬೈದಿಲ್ಲ, ಮನೆಗೆ ಬೇಕಾದಷ್ಟು ದುಡಿದುಕೊಂಡು ಬಂದ. ಆದರೆ ತನ್ನ ಆಟಕ್ಕೆ ನಿಜವಾದ ಬೆಲೆ ಇರೋದು ಎಲ್ಲಿ ಅಂತ ಅವನಿಗೂ ಗೊತ್ತಿತ್ತು ಅನ್ಸುತ್ತೆ. ಸಂಬಳದ ಚೀಟಿಯಲ್ಲಿ ಬರೆದಿರೋದು ಒಂದು ಬೆಲೆ, ಪಕ್ಕದಲ್ಲಿ ಯಾರಿದ್ದಾರೆ ಅನ್ನೋದು ಇನ್ನೊಂದು. ಕೆಲಸ ಬದಲಾಯಿಸೋಕೆ ಹೊರಟ ಗೆಳೆಯರು ಸಲಹೆ ಕೇಳಿದಾಗ ಈಗೀಗ ನಾನು ಎರಡನೆಯದನ್ನೂ ಕೇಳ್ತೀನಿ.

ಕೆಸಿಪಿಯನ್ನ ಬಿಟ್ಟಿದ್ದೇ ಸರಿ ಅನ್ನೋರು ಇದ್ದೇ ಇರ್ತೀರಿ, ಕೆಳಗೆ ಬಂದು ಜಗಳ ಆಡಿ, ಕಾಯ್ತಿರ್ತೀನಿ. ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದವರೂ ಬನ್ನಿ. ನಿಮ್ಮ ಆಫೀಸಿನ ಬ್ರೂಸ್ ಬ್ರೌನ್ ಯಾರು, ಅವನು ಹೋದ ಮೇಲೆ ಏನಾಯ್ತು, ಹೆಸರು ಹೇಳದೆ ಬರೀರಿ :-)